ಆನ್‌ಲೈನ್ ಲೈಬ್ರರಿ ತೆರೆಯುತ್ತಿಲ್ಲವೇ? ಫೈರ್‌ವಾಲ್ ಸರಿಪಡಿಸುವ ಹಂತ ಹಂತದ ಮಾರ್ಗದರ್ಶಿ

“ಫೈರ್‌ವಾಲ್ ಆಫ್ ಮಾಡಿದೆ ಸಾರ್, ಆದ್ರೂ ಜರ್ನಲ್ ತೆರೀತಾ ಇಲ್ಲ.” ಕಾಲೇಜು ಲೈಬ್ರರಿಯ ನೆಟ್‌ವರ್ಕ್ ನೋಡಿಕೊಳ್ಳುವವರಿಗೆಲ್ಲ ಈ ಮಾತು ಕೇಳಿ ಕೇಳಿ ಬಾಯಿಪಾಠ ಆಗಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಹಾಗಿದೆ ಇದು. ಫೈರ್‌ವಾಲ್ ಎಂದರೆ ನೆಟ್‌ವರ್ಕ್‌ನ ಕಾವಲುಗಾರ. ವಿಂಡೋಸ್ ಫೈರ್‌ವಾಲ್ ಮಾಮೂಲಿಯಾಗಿ ಹೊರಗಿನಿಂದ ಒಳಗೆ ಬರುವುದನ್ನು ತಡೆಯುತ್ತದೆ. ಒಳಗಿನಿಂದ ಹೊರಗೆ ಹೋಗುವುದನ್ನು ಬಿಡುತ್ತದೆ. ಬ್ರೌಸರ್‌ನಲ್ಲಿ ಲೈಬ್ರರಿ ತೆರೆಯುವುದು ಒಳಗಿನಿಂದ ಹೊರಗೆ ಹೋಗುವ ಕೆಲಸ. ಹಾಗಾಗಿ ಅದನ್ನು ಆಫ್ ಮಾಡಿದರೆ ಕಂಪ್ಯೂಟರ್‌ಗೆ ಕಾವಲು ತಪ್ಪುತ್ತದೆ, ಜರ್ನಲ್ ಮಾತ್ರ ಮುಚ್ಚಿಯೇ ಇರುತ್ತದೆ.

ಮೊದಲು ತಡೆ ಎಲ್ಲಿದೆ ಅಂತ ಹುಡುಕಬೇಕು. ಆಮೇಲೆ ಅಲ್ಲಿ ಬೇಕಾದಷ್ಟೇ ಜಾಗ ಬಿಡಬೇಕು. ಈ ಕ್ರಮ ತಪ್ಪಿದರೆ ದಿನವಿಡೀ ಕೂತರೂ ಕೆಲಸ ಆಗುವುದಿಲ್ಲ. ಮನೆಯಿಂದ ಓದುವವರಿಗೆ ಮೊದಲ ಮೂರು ಹಂತ ಸಾಕು. ಉಳಿದದ್ದು ಲೈಬ್ರೇರಿಯನ್ನರಿಗೆ ಮತ್ತು ಲ್ಯಾಬ್ ನೋಡಿಕೊಳ್ಳುವವರಿಗೆ.

ಶುರು ಮಾಡುವ ಮುನ್ನ ಕೈಯಲ್ಲಿ ಏನಿರಬೇಕು

ಮೊಬೈಲ್ ಡೇಟಾ ಇರುವ ಒಂದು ಫೋನ್. ಕ್ರೋಮ್ ಅಥವಾ ಫೈರ್‌ಫಾಕ್ಸ್ ಇರುವ ಒಂದು ಕಂಪ್ಯೂಟರ್. ಕಾಲೇಜಿನ ಗೇಟ್‌ವೇ ಫೈರ್‌ವಾಲ್‌ನ (ಇಡೀ ಕಾಲೇಜಿನ ಇಂಟರ್‌ನೆಟ್ ಹಾದುಹೋಗುವ ಫೈರ್‌ವಾಲ್) ಅಡ್ಮಿನ್ ಪಾಸ್‌ವರ್ಡ್, ಇಲ್ಲವಾದರೆ ಅದು ಯಾರ ಹತ್ತಿರ ಇದೆಯೋ ಅವರ ಫೋನ್ ನಂಬರ್. ಒಂದು ನೋಟ್‌ಬುಕ್.

ಫೈರ್‌ವಾಲ್ ಮುಟ್ಟುವ ಮುಂಚೆ ಅದರ ಸೆಟ್ಟಿಂಗ್ಸ್ ಬ್ಯಾಕಪ್ ತೆಗೆದಿಡಿ. ಎಲ್ಲ ಕಂಪನಿಯ ಫೈರ್‌ವಾಲ್‌ಗಳಲ್ಲೂ ಈ ಸೌಲಭ್ಯ ಇರುತ್ತದೆ, ಎರಡು ನಿಮಿಷದ ಕೆಲಸ. ಮತ್ತೆ, ಪರೀಕ್ಷೆ ನಡೆಯುವ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

ಹಂತ 1: ಪರದೆಯ ಮೇಲೆ ಬಂದ ಸಂದೇಶ ಓದಿ

“ತೆರೀತಾ ಇಲ್ಲ” ಎಂದರೆ ಏನೂ ಹೇಳಿದಂತೆ ಆಗಲಿಲ್ಲ. ಹೇಗೆ ತೆರೆಯುತ್ತಿಲ್ಲ ಎಂಬುದರಲ್ಲೇ ಅರ್ಧ ಉತ್ತರ ಇದೆ.

ಪುಟ ಸುತ್ತುತ್ತಾ ಸುತ್ತುತ್ತಾ ಕೊನೆಗೆ ‘ಟೈಮ್ಡ್ ಔಟ್’ ಎಂದು ಬಂದರೆ, ದಾರಿಯಲ್ಲಿ ಯಾವುದೋ ಫೈರ್‌ವಾಲ್ ಸದ್ದಿಲ್ಲದೆ ತಡೆಯುತ್ತಿರುವ ಸಾಧ್ಯತೆ ಜಾಸ್ತಿ. ‘ಸರ್ವರ್ ಸಿಗುತ್ತಿಲ್ಲ’, ‘ಎನ್ಎಕ್ಸ್‌ಡೊಮೇನ್’ ಎಂದರೆ ಡಿಎನ್ಎಸ್ ತೊಂದರೆ, ಅಂದರೆ ಹೆಸರಿಗೆ ವಿಳಾಸವೇ ಸಿಕ್ಕಿಲ್ಲ. ಫೈರ್‌ವಾಲ್ ಕಂಪನಿಯ ಲೋಗೋ ಇರುವ ಪುಟ ಬಂದು ‘ಕೆಟಗರಿ ಬ್ಲಾಕ್ಡ್’ ಎಂದರೆ ಅದು ವೆಬ್ ಫಿಲ್ಟರ್, ಅಂದರೆ ತಾಣಗಳನ್ನು ವರ್ಗ ಮಾಡಿ ತಡೆಯುವ ಸೌಲಭ್ಯ. ‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’ ಎಂದರೆ ಸರ್ಟಿಫಿಕೇಟ್ ತಕರಾರು, ಅಂದರೆ ತಾಣ ತೋರಿಸಿದ ಗುರುತಿನ ಪತ್ರವನ್ನು ಬ್ರೌಸರ್ ನಂಬುತ್ತಿಲ್ಲ. ಇದಕ್ಕೆ ಆರನೇ ಹಂತ ನೋಡಿ.

ಇವೆಲ್ಲಕ್ಕಿಂತ ಜನ ಎಡವುವುದು ಇನ್ನೊಂದು ಕಡೆ. ಪ್ರಕಾಶಕರ ಪುಟ ಚೆನ್ನಾಗಿಯೇ ತೆರೆಯುತ್ತದೆ, ಲೇಖನದ ಸಾರಾಂಶವೂ ಕಾಣುತ್ತದೆ. ಪಿಡಿಎಫ್ ಒತ್ತಿದರೆ ಮಾತ್ರ ದುಡ್ಡು ಕೇಳುತ್ತದೆ. ಇದು ಫೈರ್‌ವಾಲ್ ತಡೆಯೇ ಅಲ್ಲ. ನೀವು ಅಲ್ಲಿಯವರೆಗೆ ಹೋಗಿದ್ದೀರಿ, ಅವರಿಗೆ ನಿಮ್ಮ ಗುರುತು ಸಿಕ್ಕಿಲ್ಲ ಅಷ್ಟೇ. ನೇರ ಎರಡನೇ ಹಂತಕ್ಕೆ ಹೋಗಿ.

ಸಂದೇಶ ಬರೆದುಕೊಂಡ ಮೇಲೆ ಮೂರು ಪರೀಕ್ಷೆ ಮಾಡಿ. ಅದೇ ವಿಳಾಸವನ್ನು ಫೋನಿನ ಮೊಬೈಲ್ ಡೇಟಾದಲ್ಲಿ ತೆರೆಯಿರಿ. ಅದೇ ಲ್ಯಾಬಿನ ಪಕ್ಕದ ಕಂಪ್ಯೂಟರ್‌ನಲ್ಲಿ ತೆರೆಯಿರಿ. ನಿಮ್ಮ ಕಂಪ್ಯೂಟರ್‌ನಲ್ಲಿ ಲಾಗಿನ್ ಬೇಡದ ತಾಣವೊಂದನ್ನು, ಉದಾಹರಣೆಗೆ ‘ಕಣಜ’ ಅಥವಾ ‘ಭಾರತವಾಣಿ’ ತೆರೆಯಿರಿ. ಫೋನಿನಲ್ಲೂ ಬರದಿದ್ದರೆ ತಾಣವೇ ಕೆಟ್ಟಿರಬಹುದು, ಸುಮ್ನೆ ಕಾಯಿರಿ. ಪಕ್ಕದ ಕಂಪ್ಯೂಟರ್‌ನಲ್ಲಿ ಬಂದು ನಿಮ್ಮದರಲ್ಲಿ ಬರದಿದ್ದರೆ ತಪ್ಪು ನಿಮ್ಮ ಕಂಪ್ಯೂಟರ್‌ನದು. ಲ್ಯಾಬಿನಲ್ಲಿ ಎಲ್ಲಿಯೂ ಬರದೆ ಫೋನಿನಲ್ಲಿ ಬಂದರೆ ಗೇಟ್‌ವೇಯೇ ತಡೆಯುತ್ತಿದೆ. ಲಾಗಿನ್ ಬೇಡದ ತಾಣವೂ ಬರದಿದ್ದರೆ ಇಂಟರ್‌ನೆಟ್ ಇದೆಯಾ ಅಂತಲೇ ಮೊದಲು ನೋಡಿ.

ಒಂದು ಎಚ್ಚರಿಕೆ. ‘ಪಿಂಗ್’ ಮಾಡಿ ತೀರ್ಮಾನಕ್ಕೆ ಬರಬೇಡಿ. ಎಷ್ಟೋ ತಾಣಗಳು ಪಿಂಗ್‌ಗೆ ಉತ್ತರ ಕೊಡುವುದೇ ಇಲ್ಲ, ಆದರೂ ಬ್ರೌಸರ್‌ನಲ್ಲಿ ತೆರೆಯುತ್ತವೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್’ ಎಂಬ ಆಜ್ಞೆ ಇದೆ. ಅದಕ್ಕೆ ತಾಣದ ಹೆಸರು ಮತ್ತು 443 ಎಂಬ ಪೋರ್ಟ್ ಕೊಟ್ಟು ನೋಡಿ. ಕೊನೆಯ ಸಾಲಿನಲ್ಲಿ ‘ಟ್ರೂ’ ಬಂದರೆ ಆ ಬಾಗಿಲು ತೆರೆದಿದೆ.

ಹಂತ 2: ನೀವು ಯಾವ ಐಪಿಯಿಂದ ಹೊರಗೆ ಹೋಗುತ್ತಿದ್ದೀರಿ?

ಚಂದಾ ಕಟ್ಟಿದ ಜರ್ನಲ್‌ಗಳು ಕಾಲೇಜನ್ನು ಗುರುತಿಸುವುದು ಎರಡು ರೀತಿ. ಒಂದು, ಪ್ರತಿಯೊಬ್ಬರಿಗೂ ಐಡಿ ಮತ್ತು ಪಾಸ್‌ವರ್ಡ್. ಇನ್ನೊಂದು, ಕಾಲೇಜಿನ ಪಬ್ಲಿಕ್ ಐಪಿ ವಿಳಾಸ, ಅಂದರೆ ಕಾಲೇಜಿನ ಇಂಟರ್‌ನೆಟ್ ಲೈನ್ ಹೊರಗಿನವರಿಗೆ ಕಾಣುವ ಸಂಖ್ಯೆ. ಸರ್ಕಾರಿ ಸಂಸ್ಥೆಗಳಿಗೆಂದು 2025ರ ಜನವರಿ 1ರಿಂದ ಜಾರಿಗೆ ಬಂದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳಿವೆ. ವಿಶ್ವವಿದ್ಯಾಲಯ ಲೈಬ್ರರಿಗಳಿಗಾಗಿ ಇರುವ ಗಾಂಧಿನಗರದ ಸಂಸ್ಥೆ ಇನ್‌ಫ್ಲಿಬ್‌ನೆಟ್ ಇದನ್ನು ನಡೆಸುತ್ತದೆ. ಇಂಥ ಕಡೆ ಕೊಡುವ ಐಪಿ ತಪ್ಪಾದರೆ ಫೈರ್‌ವಾಲ್ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಬ್ರೌಸರ್‌ನಲ್ಲಿ ‘ವಾಟ್ ಈಸ್ ಮೈ ಐಪಿ’ ಎಂದು ಹುಡುಕಿ, ಬಂದ ಸಂಖ್ಯೆಯನ್ನು ಬರೆದುಕೊಳ್ಳಿ. ಲೈಬ್ರರಿ ಕಡತದಲ್ಲಿ ಪ್ರಕಾಶಕರಿಗೆ ಕೊಟ್ಟ ಐಪಿ ಯಾವುದು ಅಂತ ನೋಡಿ. ಎರಡೂ ಒಂದೇ ಇರಬೇಕು.

ಇಲ್ಲಿ ಪದೇ ಪದೇ ಆಗುವ ತಪ್ಪು: ಕಂಪ್ಯೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಕಾಣುವ 192.168 ಅಥವಾ 10 ಎಂದು ಶುರುವಾಗುವ ಸಂಖ್ಯೆಯನ್ನೇ ಅರ್ಜಿಯಲ್ಲಿ ಬರೆದು ಕಳಿಸುವುದು. 172.16ರಿಂದ 172.31ರವರೆಗಿನದ್ದೂ ಇದೇ ಜಾತಿ. ಇವು ಮನೆಯೊಳಗಿನ ಅಡ್ಡಹೆಸರು ಇದ್ದ ಹಾಗೆ. ನಮ್ಮ ಮನೆಯಲ್ಲೂ ಒಬ್ಬ ‘ಪುಟ್ಟ’ ಇರಬಹುದು, ಪಕ್ಕದ ಮನೆಯಲ್ಲೂ ಇರಬಹುದು. ಪೋಸ್ಟ್‌ಮ್ಯಾನ್‌ಗೆ ‘ಪುಟ್ಟ’ ಎಂದರೆ ಯಾರ ಮನೆ ಅಂತ ಗೊತ್ತಾಗುತ್ತದೆ?

100.64ರಿಂದ 100.127ರವರೆಗಿನ ಸಂಖ್ಯೆ ರೂಟರ್‌ನ ಹೊರಬದಿಯಲ್ಲಿ ಕಂಡರೆ, ನಿಮ್ಮ ಇಂಟರ್‌ನೆಟ್ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಹತ್ತಾರು ಗ್ರಾಹಕರಿಗೆ ಹಂಚಿದೆ ಎಂದರ್ಥ. ಅಂಥ ಲೈನ್‌ನಲ್ಲಿ ಐಪಿ ಗುರುತು ನಡೆಯುವುದಿಲ್ಲ. ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ಐಪಿ ಕೇಳಿ ಪಡೆಯಬೇಕು.

ಇನ್ನೊಂದು ಗುಪ್ತ ಕಾರಣ ಐಪಿವಿ6 ಎಂಬ ಹೊಸ ಬಗೆಯ ಐಪಿ ವಿಳಾಸ. ಪ್ರಕಾಶಕರ ಹತ್ತಿರ ಇರುವುದು ನಿಮ್ಮ ಹಳೆಯ ನಾಲ್ಕು ಭಾಗದ ವಿಳಾಸ. ಲೈನ್ ಬದಲಾದ ಮೇಲೆ ಕಂಪ್ಯೂಟರ್‌ಗಳು ಉದ್ದನೆಯ ಹೊಸ ವಿಳಾಸದಿಂದ ಹೊರಗೆ ಹೋಗುತ್ತಿರಬಹುದು. ಹಾಗಿದ್ದರೆ ಆ ಹೊಸ ಶ್ರೇಣಿಯನ್ನೂ ಪ್ರಕಾಶಕರಿಗೆ ತಿಳಿಸಿ, ಅಥವಾ ಲೈಬ್ರರಿ ನೆಟ್‌ವರ್ಕ್‌ಗೆ ಮಾತ್ರ ಐಪಿವಿ6 ನಿಲ್ಲಿಸಿ.

ಬ್ರೌಸರ್‌ಗೆ ಹಾಕಿಕೊಂಡ ಉಚಿತ ವಿಪಿಎನ್ ಎಕ್ಸ್‌ಟೆನ್ಷನ್‌ಗಳನ್ನು ಈಗಲೇ ತೆಗೆಯಿರಿ. ಅವು ನಿಮ್ಮನ್ನು ಬೇರೆ ದೇಶದ ಐಪಿಯಿಂದ ಕಳಿಸುತ್ತವೆ. ಕಾಲೇಜಿನೊಳಗೇ ಕೂತು ಕಾಲೇಜಿನ ಗುರುತು ಕಳೆದುಕೊಂಡಂತೆ ಆಗುತ್ತದೆ.

ಹಂತ 3: ನಿಮ್ಮ ಸ್ವಂತ ಕಂಪ್ಯೂಟರ್

ಪಕ್ಕದ ಕಂಪ್ಯೂಟರ್‌ನಲ್ಲಿ ಬಂದು ನಿಮ್ಮದರಲ್ಲಿ ಬರದಿದ್ದರೆ ಮಾತ್ರ ಇದನ್ನು ಮಾಡಿ.

‘ವಿಂಡೋಸ್ ಸೆಕ್ಯೂರಿಟಿ’ ತೆರೆದು ‘ಫೈರ್‌ವಾಲ್ ಅಂಡ್ ನೆಟ್‌ವರ್ಕ್ ಪ್ರೊಟೆಕ್ಷನ್’ಗೆ ಹೋಗಿ. ಕೆಳಗೆ ‘ಅಡ್ವಾನ್ಸ್ಡ್ ಸೆಟ್ಟಿಂಗ್ಸ್’, ಅದರೊಳಗೆ ‘ಔಟ್‌ಬೌಂಡ್ ರೂಲ್ಸ್’. ಕೆಂಪು ಗುರುತಿನ ಸಾಲುಗಳಿದ್ದರೆ ಅವು ತಡೆಯುವ ರೂಲ್‌ಗಳು. ನಿಮ್ಮ ಬ್ರೌಸರ್ ಹೆಸರೋ 443ನೇ ಪೋರ್ಟೋ ಅಲ್ಲಿದ್ದರೆ ಆ ರೂಲನ್ನು ‘ಡಿಸೇಬಲ್’ ಮಾಡಿ. ಅಳಿಸಬೇಡಿ, ಯಾಕೆ ಹಾಕಿದ್ದರೋ ಗೊತ್ತಿಲ್ಲ ಅಲ್ವಾ.

ಹಲವರು ಆ ಕೆಂಪು ರೂಲನ್ನು ಹಾಗೇ ಇಟ್ಟು, ಮೇಲೊಂದು ಹಸಿರು ‘ಅಲೋ’ ರೂಲ್ ಸೇರಿಸುತ್ತಾರೆ. ವಿಂಡೋಸ್‌ನಲ್ಲಿ ಅದು ಕೆಲಸ ಮಾಡುವುದಿಲ್ಲ. ಇಲ್ಲಿ ತಡೆಯುವ ರೂಲ್‌ಗೇ ಮೇಲುಗೈ, ಸಾಲು ಹಿಂದೆ ಮುಂದೆ ಆದರೂ ಅಷ್ಟೇ.

ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ವಿಂಡೋಸ್ ಫೈರ್‌ವಾಲ್ ಪಕ್ಕಕ್ಕೆ ಸರಿದು ಆಂಟಿವೈರಸ್‌ನ ಫೈರ್‌ವಾಲ್ ಕೆಲಸ ನಡೆಸುತ್ತಿರಬಹುದು. ಆಗ ‘ವೆಬ್ ಪ್ರೊಟೆಕ್ಷನ್’ ಥರದ ಹೆಸರಿನ ಸೆಟ್ಟಿಂಗ್‌ನಲ್ಲಿ ಲೈಬ್ರರಿ ತಾಣವನ್ನು ವಿನಾಯಿತಿ ಪಟ್ಟಿಗೆ ಸೇರಿಸಿ.

ಹಂತ 4: ವಿಳಾಸಗಳ ಪಟ್ಟಿ ಮಾಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಹೆಚ್ಚಿನವರು ಹಾರಿಸಿಬಿಡುವುದೂ ಇದನ್ನೇ.

ಒಂದು ತಾಣ ಎಂದರೆ ಒಂದು ವಿಳಾಸ ಅಂದುಕೊಂಡಿರುತ್ತೇವೆ. ಹಾಗಿಲ್ಲ. ಸೈನ್ಸ್‌ಡೈರೆಕ್ಟ್ ಎಂಬ ಜರ್ನಲ್ ತಾಣದಲ್ಲಿ ಪುಟ ಒಂದು ಡೊಮೇನ್‌ನಿಂದ (ತಾಣದ ವಿಳಾಸದ ಹೆಸರು) ಬಂದರೆ, ಪಿಡಿಎಫ್ ಬರುವುದು ‘ಸೈನ್ಸ್‌ಡೈರೆಕ್ಟ್‌ಅಸೆಟ್ಸ್’ ಎಂಬ ಬೇರೆ ಡೊಮೇನ್‌ನಿಂದ. ಮೊದಲನೆಯದನ್ನು ಮಾತ್ರ ಬಿಟ್ಟರೆ ಸಾರಾಂಶ ಓದಬಹುದು, ಲೇಖನ ಓದಲಾಗದು. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿ ಹುಡುಕುವವರೆಲ್ಲ ಹೋಗುವ ಇಂಟರ್‌ನೆಟ್ ಆರ್ಕೈವ್‌ನಲ್ಲೂ ಹೀಗೆಯೇ. ಮುಖಪುಟ ಆರ್ಕೈವ್ ಡಾಟ್ ಆರ್ಗ್‌ನಿಂದ ಬರುತ್ತದೆ. ಪುಸ್ತಕದ ಪುಟಗಳು ಅದರ ಹತ್ತಾರು ಉಪ-ಡೊಮೇನ್‌ಗಳಿಂದ ಬರುತ್ತವೆ. ಪುಸ್ತಕದ ಹೆಸರು ಕಾಣುತ್ತದೆ, ಪುಟ ತಿರುವಿದರೆ ಖಾಲಿ!

ಪಟ್ಟಿ ಮಾಡುವ ಬಗೆ ಸುಲಭ. ಎಲ್ಲ ಚೆನ್ನಾಗಿ ತೆರೆಯುವ ಕಡೆ, ಅಂದರೆ ಲ್ಯಾಪ್‌ಟಾಪ್‌ಗೆ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟುಕೊಂಡು ಕೂತುಕೊಳ್ಳಿ. ಬ್ರೌಸರ್‌ನಲ್ಲಿ ಎಫ್12 ಒತ್ತಿ, ‘ನೆಟ್‌ವರ್ಕ್’ ಟ್ಯಾಬ್ ಆರಿಸಿ, ಪುಟವನ್ನು ಮತ್ತೆ ಲೋಡ್ ಮಾಡಿ. ಬಂದ ಪ್ರತಿ ಕಡತದ ಮುಂದೆ ಅದರ ಡೊಮೇನ್ ಕಾಣುತ್ತದೆ. ಡೊಮೇನ್ ಕಾಲಂ ಕಾಣದಿದ್ದರೆ ಮೇಲಿನ ಸಾಲಿನಲ್ಲಿ ಬಲ ಕ್ಲಿಕ್ ಮಾಡಿ ಸೇರಿಸಿಕೊಳ್ಳಿ. ಹುಡುಕುವುದು, ಲಾಗಿನ್ ಆಗುವುದು, ಒಂದು ಪಿಡಿಎಫ್ ತೆರೆಯುವುದು, ಇಳಿಸಿಕೊಳ್ಳುವುದು ಎಲ್ಲವನ್ನೂ ಒಮ್ಮೆ ಮಾಡಿ. ಪ್ರತಿ ಸಲ ಬಂದ ಹೊಸ ಡೊಮೇನ್ ಬರೆದುಕೊಳ್ಳಿ. ಐಪಿ ಗುರುತಿನ ಜರ್ನಲ್ ಹಾಟ್‌ಸ್ಪಾಟ್‌ನಲ್ಲಿ ಪಿಡಿಎಫ್ ಕೊಡುವುದಿಲ್ಲ. ಅಂಥ ಕಡೆ ಅದೇ ತಾಣದ ಉಚಿತ ಲೇಖನವೊಂದನ್ನು ತೆರೆಯಿರಿ.

ನಂತರ ಕಾಲೇಜಿನ ನೆಟ್‌ವರ್ಕ್‌ಗೆ ಬಂದು ಅದನ್ನೇ ಮಾಡಿ. ಕೆಂಪಾಗಿ ನಿಂತ ಸಾಲುಗಳಲ್ಲಿ ಜಾಹೀರಾತಿನವು ಮತ್ತು ಓದುಗರ ಲೆಕ್ಕ ಇಡುವ ಡೊಮೇನ್‌ಗಳನ್ನು ಪಟ್ಟಿಗೆ ಸೇರಿಸಬೇಡಿ. ಉಳಿದವು ನಿಮ್ಮ ಪಟ್ಟಿ.

ಡಿಒಐ (ಪ್ರತಿ ಲೇಖನಕ್ಕೂ ಇರುವ ಕಾಯಂ ಗುರುತಿನ ಸಂಖ್ಯೆ) ಕೊಂಡಿಗಳನ್ನು ಪ್ರಕಾಶಕರ ಪುಟಕ್ಕೆ ತಿರುಗಿಸುವ ‘ಡಿಒಐ ಡಾಟ್ ಆರ್ಗ್’ ಮರೆಯಬೇಡಿ. ಅದು ಮುಚ್ಚಿದ್ದರೆ ಉಲ್ಲೇಖದ ಮೇಲೆ ಒತ್ತಿದಾಗಲೆಲ್ಲ ಯಾವ ಪ್ರಕಾಶಕರ ಪುಟವೂ ತೆರೆಯುವುದಿಲ್ಲ. ಲಾಗಿನ್ ಪುಟವೂ ಹೆಚ್ಚಾಗಿ ಬೇರೆ ಡೊಮೇನ್‌ನಲ್ಲಿರುತ್ತದೆ.

ಹಂತ 5: ಗೇಟ್‌ವೇಯಲ್ಲಿ ರೂಲ್ ಬರೆಯುವುದು

ಈಗ ಗೇಟ್‌ವೇ ಫೈರ್‌ವಾಲ್‌ಗೆ ಲಾಗಿನ್ ಆಗಿ. ಮೊದಲು ಲಾಗ್, ಅಂದರೆ ಯಾರು ಎಲ್ಲಿಗೆ ಹೋದರು ಎಂದು ಫೈರ್‌ವಾಲ್ ಬರೆದಿಡುವ ದಾಖಲೆ ತೆರೆದು ಲೈಬ್ರರಿ ಕಂಪ್ಯೂಟರ್‌ನ ಐಪಿ ಹಾಕಿ ಸೋಸಿ. ಯಾವ ರೂಲ್ ತಡೆಯುತ್ತಿದೆ ಅಂತ ಅದೇ ಹೇಳುತ್ತದೆ. ಊಹೆ ಮಾಡಿ ರೂಲ್ ಬರೆಯುವವರು ಲಾಗ್ ನೋಡದೆ ಬರೆಯುವವರೇ.

ಹೊಸ ರೂಲ್‌ನಲ್ಲಿ ನಾಲ್ಕು ವಿಷಯ ಸ್ಪಷ್ಟವಾಗಿರಲಿ. ಎಲ್ಲಿಂದ: ಲೈಬ್ರರಿ ಮತ್ತು ಲ್ಯಾಬ್ ನೆಟ್‌ವರ್ಕ್ ಮಾತ್ರ. ಎಲ್ಲಿಗೆ: ನಾಲ್ಕನೇ ಹಂತದ ಡೊಮೇನ್ ಪಟ್ಟಿ. ಯಾವ ದಾರಿ: ಟಿಸಿಪಿ 443, ಹಳೆಯ ತಾಣಗಳಿಗೆ 80. ಏನು ಮಾಡಬೇಕು: ಬಿಡಬೇಕು, ಲಾಗ್ ಬರೆಯಬೇಕು. ರೂಲ್‌ನ ವಿವರಣೆಯಲ್ಲಿ ದಿನಾಂಕ ಮತ್ತು ಕಾರಣ ಬರೆಯಿರಿ. ‘ಟೆಸ್ಟ್1’, ‘ನ್ಯೂ ರೂಲ್ 2’ ಎಂಬ ಹೆಸರು ಬೇಡ, ದಯವಿಟ್ಟು.

ತಾಣವನ್ನು ಐಪಿಯಿಂದ ಹೇಳಬೇಡಿ, ಡೊಮೇನ್ ಹೆಸರಿನಿಂದಲೇ ಹೇಳಿ. ದೊಡ್ಡ ಪ್ರಕಾಶಕರು ಹೆಚ್ಚಾಗಿ ಕ್ಲೌಡ್‌ಫ್ಲೇರ್, ಅಕಾಮಾಯ್ ಥರದ, ಹಲವು ಸರ್ವರ್‌ಗಳಿಂದ ಪುಟ ಹಂಚುವ ಸೇವೆಗಳ ಹಿಂದೆ ಇರುತ್ತಾರೆ. ಇವತ್ತಿನ ಐಪಿ ನಾಳೆ ಇರುವುದಿಲ್ಲ. ಸೋಮವಾರ ತೆರೆದು ಗುರುವಾರ ಮುಚ್ಚುವ ಜರ್ನಲ್‌ಗಳ ಹಿಂದೆ ಆಗಾಗ ಇದೇ ಕಾರಣ ಇರುತ್ತದೆ.

ಡೊಮೇನ್ ಹೆಸರಿನ ರೂಲ್‌ಗೂ ಒಂದು ಷರತ್ತಿದೆ. ಅನೇಕ ಫೈರ್‌ವಾಲ್‌ಗಳು ಆ ಹೆಸರಿನ ಐಪಿಯನ್ನು ತಾವೇ ಡಿಎನ್ಎಸ್‌ನಲ್ಲಿ ಕೇಳಿ ಇಟ್ಟುಕೊಳ್ಳುತ್ತವೆ. ಕಂಪ್ಯೂಟರ್‌ಗಳು ಬೇರೆ ಡಿಎನ್ಎಸ್ ಕೇಳುತ್ತಿದ್ದರೆ ಅವಕ್ಕೆ ಸಿಗುವ ಐಪಿಯೇ ಬೇರೆ. ರೂಲ್ ಸರಿಯಾಗಿದ್ದರೂ ತಾಳೆ ಆಗುವುದಿಲ್ಲ. ಹಾಗಾಗಿ ಲ್ಯಾಬಿನ ಕಂಪ್ಯೂಟರ್‌ಗಳಿಗೂ ಫೈರ್‌ವಾಲ್‌ಗೂ ಒಂದೇ ಡಿಎನ್ಎಸ್ ಇರಲಿ. ಬ್ರೌಸರ್‌ನಲ್ಲಿ ‘ಸೆಕ್ಯೂರ್ ಡಿಎನ್ಎಸ್’ ಬೇರೆ ಕಡೆಗೆ ತಿರುಗಿದೆಯಾ ಅಂತಲೂ ನೋಡಿ.

ಇನ್ನು ರೂಲ್‌ನ ಜಾಗ. ಗೇಟ್‌ವೇ ಫೈರ್‌ವಾಲ್‌ಗಳು ಸಾಮಾನ್ಯವಾಗಿ ಮೇಲಿನಿಂದ ಕೆಳಗೆ ಓದುತ್ತವೆ. ಮೊದಲು ಹೊಂದಿದ ರೂಲ್‌ಗೆ ನಿಂತುಬಿಡುತ್ತವೆ. ಹೊಸ ರೂಲ್ ಹಲವು ಸಲ ತಾನಾಗಿ ಕೊನೆಯಲ್ಲಿ ಸೇರುತ್ತದೆ, ಎಲ್ಲವನ್ನೂ ತಡೆಯುವ ರೂಲ್‌ನ ಕೆಳಗೆ. ಅಲ್ಲಿದ್ದರೆ ಅದನ್ನು ಯಾರೂ ಓದುವುದೇ ಇಲ್ಲ. ಮೇಲೆ ಎಳೆದು ಹಾಕಿ. ವಿಂಡೋಸ್‌ನಲ್ಲಿ ಸಾಲಿನ ಕ್ರಮ ಲೆಕ್ಕಕ್ಕಿಲ್ಲ, ಗೇಟ್‌ವೇಯಲ್ಲಿ ಕ್ರಮವೇ ಎಲ್ಲ. ಈ ವ್ಯತ್ಯಾಸ ತಲೆಯಲ್ಲಿರಲಿ.

ರೂಲ್ ಒಪ್ಪಿ ಬಿಟ್ಟರೂ ವೆಬ್ ಫಿಲ್ಟರ್ ತಡೆಯಬಹುದು. ಹೊರಗಿನಿಂದ ಲೈಬ್ರರಿ ಬಳಸಲು ಇರುವ ಈಝೀಪ್ರಾಕ್ಸಿ ಥರದ ವಿಳಾಸಗಳನ್ನು ಕೆಲವು ಫಿಲ್ಟರ್‌ಗಳು ‘ಪ್ರಾಕ್ಸಿ ಅವಾಯ್ಡೆನ್ಸ್’ ಎಂಬ ವರ್ಗಕ್ಕೆ ಸೇರಿಸಿಬಿಡುತ್ತವೆ. ಆ ವರ್ಗವನ್ನೇ ತೆರೆಯಬೇಡಿ. ತೆರೆದರೆ ಹುಡುಗರಿಗೆ ಹಬ್ಬ. ನಿಮ್ಮ ಲೈಬ್ರರಿಯ ಆ ಒಂದು ವಿಳಾಸವನ್ನು ಮಾತ್ರ ವಿನಾಯಿತಿಗೆ ಹಾಕಿ. ದೇಶವಾರು ತಡೆ ಹಾಕಿದ್ದರೆ ಅದನ್ನೂ ನೋಡಿ, ತಾಣ ಭಾರತದ್ದಾದರೂ ಕಡತ ಸಿಂಗಪುರದಿಂದ ಬರುತ್ತಿರಬಹುದು.

ಹಂತ 6: ಸರ್ಟಿಫಿಕೇಟ್ ತಕರಾರು

ಮೊದಲು ಗಡಿಯಾರ ನೋಡಿ. ನಗಬೇಡಿ. ಹಳೆಯ ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ಮದರ್‌ಬೋರ್ಡ್‌ನ ಗುಂಡಿ ಸೆಲ್ ಸತ್ತಿರುತ್ತದೆ. ಆನ್ ಮಾಡಿದ ಪ್ರತಿ ಸಲ ದಿನಾಂಕ ಹತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ಆ ದಿನಾಂಕದಲ್ಲಿ ಇವತ್ತಿನ ಯಾವ ಸರ್ಟಿಫಿಕೇಟೂ ಹುಟ್ಟಿಯೇ ಇಲ್ಲವಲ್ಲ. ಹೆಚ್ಚಿನ ಬೋರ್ಡ್‌ಗಳಿಗೆ ಸಿಆರ್2032 ಸೆಲ್ ಹಾಕಿದರೆ ಮುಗಿಯಿತು.

ಗಡಿಯಾರ ಸರಿ ಇದ್ದರೆ, ಬ್ರೌಸರ್‌ನ ವಿಳಾಸದ ಪಕ್ಕದ ಗುರುತು ಒತ್ತಿ ಸರ್ಟಿಫಿಕೇಟ್ ಯಾರು ಕೊಟ್ಟಿದ್ದು ಅಂತ ನೋಡಿ. ಅಲ್ಲಿ ನಿಮ್ಮ ಫೈರ್‌ವಾಲ್ ಕಂಪನಿಯ ಹೆಸರಿದ್ದರೆ ‘ಎಸ್ಎಸ್ಎಲ್ ಇನ್‌ಸ್ಪೆಕ್ಷನ್’ ನಡೆಯುತ್ತಿದೆ. ಅಂದರೆ ಫೈರ್‌ವಾಲ್ ಮಧ್ಯೆ ನಿಂತು ಲಕೋಟೆ ಒಡೆದು ಓದಿ ಮತ್ತೆ ಅಂಟಿಸಿ ಕಳಿಸುತ್ತಿದೆ. ಲೈಬ್ರರಿ ತಾಣಗಳನ್ನೂ ಲಾಗಿನ್ ಪುಟಗಳನ್ನೂ ಇದರಿಂದ ಹೊರಗಿಡಿ.

ವಿದ್ಯಾರ್ಥಿಗಳಿಗೆ “ಅಡ್ವಾನ್ಸ್ಡ್ ಒತ್ತಿ ಮುಂದೆ ಹೋಗಿ” ಅಂತ ಹೇಳಿಕೊಡಬೇಡಿ. ನಾಳೆ ಬ್ಯಾಂಕಿನ ನಕಲಿ ಪುಟ ಬಂದಾಗಲೂ ಅವರು ಅದನ್ನೇ ಮಾಡುತ್ತಾರೆ.

ಹಂತ 7: ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ

ಕಾಲೇಜಿಗೆ ಎರಡು ಇಂಟರ್‌ನೆಟ್ ಲೈನ್ ಇದೆಯಾ? ಫೈರ್‌ವಾಲ್ ಎರಡಕ್ಕೂ ಭಾರ ಹಂಚುತ್ತಿದ್ದರೆ, ನೋಂದಾಯಿಸಿದ ಐಪಿಯಿಂದ ಹೋದವರಿಗೆ ಜರ್ನಲ್ ಸಿಗುತ್ತದೆ, ಇನ್ನೊಂದು ಲೈನ್‌ನಿಂದ ಹೋದವರಿಗೆ ಸಿಗುವುದಿಲ್ಲ. ನಾನೇ ಇದಕ್ಕೆ ಒಂದು ವಾರ ತಲೆ ಕೆಡಿಸಿಕೊಂಡಿದ್ದೇನೆ. ಬೆಳಿಗ್ಗೆ ಬಂದ ಪುಟ ಮಧ್ಯಾಹ್ನ ದುಡ್ಡು ಕೇಳುತ್ತಿತ್ತು, ನಾನು ಪ್ರಕಾಶಕರ ಮೇಲೆ ರೇಗುತ್ತಿದ್ದೆ.

ಪರಿಹಾರ ಎರಡು. ಎರಡೂ ಲೈನ್‌ಗಳ ಸ್ಟ್ಯಾಟಿಕ್ ಐಪಿಯನ್ನು ಪ್ರಕಾಶಕರಿಗೆ ಕೊಡಿ. ಇಲ್ಲವೇ ಲೈಬ್ರರಿ ಡೊಮೇನ್‌ಗಳು ಯಾವಾಗಲೂ ನೋಂದಾಯಿಸಿದ ಲೈನ್‌ನಿಂದಲೇ ಹೋಗುವಂತೆ ರೂಟಿಂಗ್ ಪಾಲಿಸಿ ಹಾಕಿ.

ಹಂತ 8: ಲೈಬ್ರರಿಯದೇ ಸರ್ವರ್ ಇದ್ದರೆ

ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರ್ ಬಳಸುವವರು ಬೇರೆ ಲೈಬ್ರರಿಗಳ ಪುಸ್ತಕ ವಿವರ ತರಿಸಿಕೊಳ್ಳಲು ಝಡ್39.50 ಎಂಬ ಸಂಪರ್ಕ ವಿಧಾನ ಬಳಸುತ್ತಾರೆ. ಇದು ಸಾಮಾನ್ಯವಾಗಿ ಟಿಸಿಪಿ 210ನೇ ಪೋರ್ಟ್‌ನಲ್ಲಿ ನಡೆಯುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನದ್ದೂ ಅದೇ ಪೋರ್ಟ್. 443 ಮಾತ್ರ ಬಿಟ್ಟಿರುವ ಕಾಲೇಜುಗಳಲ್ಲಿ ಹುಡುಕಾಟಕ್ಕೆ ಏನೂ ಸಿಗುವುದಿಲ್ಲ. ಕೋಹಾ ಸರ್ವರ್‌ಗೆ ಮಾತ್ರ 210 ಹೊರಗೆ ಬಿಡಿ, ಇಡೀ ಲ್ಯಾಬಿಗೆ ಬೇಡ.

ಹೊರಗಿನವರು ನಿಮ್ಮ ಕ್ಯಾಟಲಾಗ್ ನೋಡಬೇಕೆಂದರೆ ಒಳಗೆ ಬಿಡಬೇಕಾದ್ದು 443, ಜೊತೆಗೆ ಬೇಕಿದ್ದರೆ 80. ಸಿಬ್ಬಂದಿಯ ಪುಟ ಹೆಚ್ಚಾಗಿ 8080ರಲ್ಲಿರುತ್ತದೆ, ಡೇಟಾಬೇಸ್ 3306ರಲ್ಲಿ. ಇವೆರಡನ್ನೂ ಹೊರಗಿನವರಿಗೆ ತೆರೆಯಲೇಬಾರದು.

ಸರ್ವರ್ ಉಬುಂಟುವಿನಲ್ಲಿದ್ದು ಅದರ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯೂ ಆನ್ ಮಾಡುವವರು ಮೊದಲು ದೂರದಿಂದ ಲಾಗಿನ್ ಆಗುವ ಎಸ್ಎಸ್ಎಚ್‌ನ 22ನೇ ಪೋರ್ಟನ್ನು ನಿಮ್ಮ ಆಫೀಸಿನ ಐಪಿಗೆ ಬಿಟ್ಟು, ಆಮೇಲೆ ಆನ್ ಮಾಡಿ. ಉಲ್ಟಾ ಮಾಡಿದರೆ ದೂರದಿಂದ ಮತ್ತೆ ಲಾಗಿನ್ ಆಗಲು ಆಗುವುದಿಲ್ಲ. ಸರ್ವರ್ ರೂಮಿನ ಬೀಗದ ಕೈ ಹುಡುಕಬೇಕಾಗುತ್ತದೆ.

ಕ್ಯಾಟಲಾಗ್ ಮನೆಯಿಂದ ತೆರೆಯುತ್ತದೆ, ಕಾಲೇಜಿನೊಳಗಿಂದ ತೆರೆಯುವುದಿಲ್ಲ ಎಂದರೆ ಗಾಬರಿ ಬೇಡ. ಒಳಗಿನ ಕಂಪ್ಯೂಟರ್ ಹೊರಗಿನ ಐಪಿಗೆ ಹೋಗಿ ಮತ್ತೆ ಒಳಗೆ ತಿರುಗಲು ಫೈರ್‌ವಾಲ್ ಬಿಡುತ್ತಿಲ್ಲ. ಒಳಗಿನ ಡಿಎನ್ಎಸ್‌ನಲ್ಲಿ ಅದೇ ಹೆಸರಿಗೆ ಸರ್ವರ್‌ನ ಒಳಗಿನ ಐಪಿ ಕೊಟ್ಟರೆ ಸರಿಹೋಗುತ್ತದೆ.

ಹಂತ 9: ಪರೀಕ್ಷೆ ಮತ್ತು ಅಪಾಯದ ಸೂಚನೆಗಳು

ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಪರೀಕ್ಷಿಸಿ, ಹಳೆಯ ಲಾಗಿನ್ ನೆನಪು ಮೋಸ ಮಾಡಬಾರದು. ಹುಡುಕಿ, ಲೇಖನ ತೆರೆದು, ಪಿಡಿಎಫ್ ಇಳಿಸಿ ನೋಡಿ. ಅಡ್ಮಿನ್ ಕಂಪ್ಯೂಟರ್‌ನಿಂದಲ್ಲ, ವಿದ್ಯಾರ್ಥಿ ಕೂರುವ ಕಂಪ್ಯೂಟರ್‌ನಿಂದ, ವಿದ್ಯಾರ್ಥಿಯ ಲಾಗಿನ್‌ನಿಂದ. ಸ್ಕ್ಯಾನ್ ಪುಸ್ತಕಗಳು 100 ಎಂಬಿ ದಾಟುವುದು ಅಪರೂಪವಲ್ಲ. ದೊಡ್ಡ ಕಡತ ಅರ್ಧಕ್ಕೆ ನಿಂತರೆ ಫೈರ್‌ವಾಲ್‌ನ ವೈರಸ್ ತಪಾಸಣೆಯಲ್ಲಿ ಗಾತ್ರದ ಮಿತಿ ಎಷ್ಟಿದೆ ನೋಡಿ.

ಮರುದಿನ ಮತ್ತೆ ಲಾಗ್ ತೆರೆಯಿರಿ. ಹೊಸ ರೂಲ್‌ನಿಂದ ಲೈಬ್ರರಿಗೆ ಸಂಬಂಧವೇ ಇಲ್ಲದ ತಾಣಗಳಿಗೆ ಓಡಾಟ ನಡೆದಿದ್ದರೆ ರೂಲ್ ತೀರಾ ಅಗಲವಾಗಿದೆ, ಕಿರಿದು ಮಾಡಿ. ಪರೀಕ್ಷೆಗೆಂದು ಹಾಕಿದ, ಎಲ್ಲಿಂದ ಎಲ್ಲಿಗೆ ಬೇಕಾದರೂ ಬಿಡುವ ‘ಎನಿ ಟು ಎನಿ’ ರೂಲ್ ಇನ್ನೂ ಇದ್ದರೆ ಈ ಕ್ಷಣ ತೆಗೆಯಿರಿ.

ಎಲ್ಲರಿಗೂ ಒಂದೇ ಸಲ ‘ನೀವು ರೋಬೋಟಾ?’ ಎಂಬ ಪ್ರಶ್ನೆ ಬರತೊಡಗಿದರೆ, ಅಥವಾ ಒಬ್ಬ ಪ್ರಕಾಶಕರ ತಾಣ ಮಾತ್ರ ಇಡೀ ಕಾಲೇಜಿಗೆ ನಿಂತರೆ, ಫೈರ್‌ವಾಲ್ ಮುಟ್ಟಬೇಡಿ. ಯಾರೋ ಒಬ್ಬರು ಸಾಫ್ಟ್‌ವೇರ್ ಹಾಕಿ ನೂರಾರು ಲೇಖನ ಒಟ್ಟಿಗೆ ಇಳಿಸಿರುತ್ತಾರೆ. ಹೊರಗಿನವರಿಗೆ ಕಾಣುವುದು ಕಾಲೇಜಿನ ಒಂದೇ ಐಪಿ, ಹಾಗಾಗಿ ಶಿಕ್ಷೆ ಎಲ್ಲರಿಗೂ. ಆ ಹೊತ್ತಿನಲ್ಲಿ ಯಾವ ಕಂಪ್ಯೂಟರ್ ಅತಿ ಹೆಚ್ಚು ಡೇಟಾ ಎಳೆದಿದೆ ಅಂತ ಲಾಗ್‌ನಲ್ಲಿ ನೋಡಿ, ಅದನ್ನು ನಿಲ್ಲಿಸಿ, ಲೈಬ್ರೇರಿಯನ್ ಮೂಲಕ ಪ್ರಕಾಶಕರಿಗೆ ಮೇಲ್ ಬರೆಯಿಸಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಸರ್ಕಾರಿ ಸಂಸ್ಥೆಗಳು ಮತ್ತು ಕಂಪನಿಗಳು 180 ದಿನಗಳ ಲಾಗ್ ಇಟ್ಟಿರಬೇಕು ಎಂದಿದೆ. ಬಹಳಷ್ಟು ಸಣ್ಣ ಫೈರ್‌ವಾಲ್‌ಗಳು ತಮ್ಮೊಳಗೆ ಅಷ್ಟು ದಿನ ಇಟ್ಟುಕೊಳ್ಳುವುದಿಲ್ಲ. ಲಾಗ್ ಬೇರೆ ಕಂಪ್ಯೂಟರ್‌ಗೆ ಹೋಗಿ ಉಳಿಯುವಂತೆ ಇವತ್ತೇ ಸೆಟ್ ಮಾಡಿ.